ಐಕ್ಯೂ ಟೆಸ್ಟ್‌ಗೆ ದುಡ್ಡು ಕಟ್ಟುವ ಮುಂಚೆ ಯಾವ ಟೆಸ್ಟ್ ಅಂತ ಕೇಳಿ

ಚುರುಕಾದ ಪುಟ್ಟ ಮಗುವಿಗೆ ಐಕ್ಯೂ ಟೆಸ್ಟ್ ಮಾಡಿಸೋಣ ಅಂತ ವಿಚಾರಿಸುತ್ತಿರುವ ಅಪ್ಪ ಅಮ್ಮಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಮಗಳ ವಿಷಯದಲ್ಲಿ ಒಂದು ಟೆಸ್ಟಿಂಗ್ ಸೆಂಟರ್ ಮಾಡಿದ ಎಡವಟ್ಟು ಇದು. ಸೆಂಟರಿನ ಹೆಸರು ಬೇಡ, ಇಂಥದ್ದು ಇನ್ನೆಷ್ಟೋ ಇರುತ್ತವೆ.

ಮಗಳಿಗೆ ಆಗಷ್ಟೇ ಏಳು ತುಂಬಿತ್ತು. ತಾನಾಗಿಯೇ ಓದಲು ಕಲಿತವಳು, ಕ್ಲಾಸಿನಲ್ಲಿ ಸುಮ್ನೆ ಕೂತು ಬೇಜಾರು ಮಾಡಿಕೊಳ್ಳುತ್ತಿದ್ದಳು. ಪ್ರತಿಭಾವಂತ ಮಕ್ಕಳ ವಿಶೇಷ ತರಗತಿಗೆ ಸೇರಿಸಲು ಐಕ್ಯೂ ರಿಪೋರ್ಟ್ ಬೇಕಿತ್ತು. ಅವರ ಕಟಾಫ್ 130. ಸರಾಸರಿ 100, ಸ್ಟ್ಯಾಂಡರ್ಡ್ ಡೀವಿಯೇಶನ್ (ಅಂಕಗಳು ಸರಾಸರಿಯಿಂದ ಎಷ್ಟು ಹರಡಿವೆ ಅನ್ನುವ ಲೆಕ್ಕ) 15 ಇರುವ ಟೆಸ್ಟಿನಲ್ಲಿ 130 ಮುಟ್ಟುವವರು ನೂರಕ್ಕೆ ಸುಮಾರು ಇಬ್ಬರು.

ಯಾವ ಟೆಸ್ಟ್ ಮಾಡುತ್ತೀರಿ ಅಂತ ಫೋನಿನಲ್ಲಿ ಕೇಳಿದೆವು. "ವೆಕ್ಸ್ಲರ್ ಮೇಡಂ, ಇಂಟರ್‌ನ್ಯಾಷನಲ್ ಟೆಸ್ಟ್" ಅಂದರು. ಕೇಳಲು ಚೆನ್ನಾಗಿಯೇ ಇದೆ, ಅಲ್ವಾ? ಆದರೆ ವೆಕ್ಸ್ಲರ್ ಅನ್ನುವ ಮನಶ್ಶಾಸ್ತ್ರಜ್ಞನ ಹೆಸರಿನಲ್ಲಿ ಚಿಕ್ಕ ಮಕ್ಕಳಿಗೇ ಎರಡು ಟೆಸ್ಟ್ ಇವೆ. ಒಂದು ಡಬ್ಲ್ಯೂ.ಪಿ.ಪಿ.ಎಸ್.ಐ, ಬಾಯಿಮಾತಿನಲ್ಲಿ ವಿಪ್ಸಿ. ಅದರ ನಾಲ್ಕನೇ ಆವೃತ್ತಿ 2012ರದು, ಎರಡೂವರೆ ವರ್ಷದಿಂದ 7 ವರ್ಷ 7 ತಿಂಗಳವರೆಗಿನ ಮಕ್ಕಳಿಗೆ. ಇನ್ನೊಂದು ವಿಸ್ಕ್. ಅದರ ಐದನೇ ಆವೃತ್ತಿ 2014ರದು, 6 ವರ್ಷದಿಂದ 16 ವರ್ಷ 11 ತಿಂಗಳವರೆಗೆ. ಅಂದರೆ ಆರು ತುಂಬಿದ ಮೇಲೆ ಏಳೂವರೆಯವರೆಗೆ ಮಗುವಿಗೆ ಎರಡರಲ್ಲಿ ಯಾವುದನ್ನಾದರೂ ಮಾಡಬಹುದು. ಕಲಿಕೆಯಲ್ಲಿ ಹಿಂದಿರುವ ಮಗುವಿಗೆ ವಿಪ್ಸಿ ಒಳ್ಳೆಯದು, ಸುಲಭದ ಪ್ರಶ್ನೆಗಳು ಜಾಸ್ತಿ ಇರುತ್ತವೆ. ವಯಸ್ಸಿಗೆ ಮೀರಿ ಓಡುವ ಮಗುವಿಗೆ ವಿಸ್ಕ್ ಬೇಕು, ಕಷ್ಟದ ಪ್ರಶ್ನೆಗಳು ಇರುವುದೇ ಅಲ್ಲಿ. ಆ ಸೆಂಟರಿನಲ್ಲಿ ಇದ್ದದ್ದು ವಿಪ್ಸಿ ಕಿಟ್ ಮಾತ್ರ. ಮಗುವಿಗೆ ಯಾವುದು ಸರಿ ಅಂತ ಯೋಚನೆ ಮಾಡಿದವರೇ ಇಲ್ಲ. ಬೀರುವಿನಲ್ಲಿ ಇದ್ದದ್ದನ್ನು ತೆಗೆದರು.

ಟೆಸ್ಟ್ ಮುಗಿಸಿ ಹೊರಗೆ ಬಂದವಳು ಹೇಳಿದ್ದು ಇಷ್ಟು: "ಅಮ್ಮಾ, ಪ್ರಶ್ನೆಗಳೇ ಖಾಲಿ ಆಗೋದ್ವು. ಇನ್ನೂ ಕಷ್ಟದ್ದು ಇಲ್ವಾ ಅಂತ ಕೇಳಿದೆ, ಮ್ಯಾಮ್ ಪುಸ್ತಕ ಮುಚ್ಚಿಟ್ರು."

ಈ ಮಾತಿನ ತೂಕ ಏನು ಅಂತ ಹೇಳುತ್ತೇನೆ. ಇಂಥ ಟೆಸ್ಟಿನಲ್ಲಿ ಪ್ರಶ್ನೆಗಳು ಸುಲಭದಿಂದ ಕಷ್ಟದ ಕಡೆಗೆ ಹೋಗುತ್ತವೆ. ಸಾಲಾಗಿ ಕೆಲವು ತಪ್ಪಾದರೆ ಆ ವಿಭಾಗ ಅಲ್ಲಿಗೆ ನಿಲ್ಲುತ್ತದೆ. ಮಗು ಎಲ್ಲಿ ನಿಲ್ಲುತ್ತದೆ ಅನ್ನುವುದೇ ಅಳತೆ. ಮಗು ನಿಲ್ಲುವ ಮೊದಲೇ ಪ್ರಶ್ನೆ ಮುಗಿದರೆ ಅಳತೆಯೇ ಆಗಿಲ್ಲ ಅಂತ ಅರ್ಥ. ಮೂರಡಿ ಪಟ್ಟಿ ಹಿಡಿದರೆ ನಾಲ್ಕಡಿ ಮಗುವೂ ಮೂರಡಿಯೇ ಇರುತ್ತದೆ. ಟೆಸ್ಟ್ ಮಾಡುವವರು ಇದಕ್ಕೆ ಸೀಲಿಂಗ್ ಅನ್ನುತ್ತಾರೆ.

ರಿಪೋರ್ಟ್ ಬಂತು. ಹೊಳೆಯುವ ಫೈಲು, ಒಳಗೆ ಒಂದೇ ಸಂಖ್ಯೆ: 126. ವಿಭಾಗವಾರು ಅಂಕ ಇಲ್ಲ. ಟೆಸ್ಟಿನ ಆವೃತ್ತಿ ಇಲ್ಲ. ನಿಜವಾದ ಅಂಕ ಇಷ್ಟರಿಂದ ಇಷ್ಟರ ನಡುವೆ ಇರಬಹುದು ಅಂತ ಯಾವ ರಿಪೋರ್ಟಿನಲ್ಲೂ ಇರಬೇಕಾದ ಸಾಲೂ ಇಲ್ಲ. "ಮಗುವಿಗೆ ಪ್ರೋತ್ಸಾಹ ನೀಡಿ" ಅಂತ ಮಾತ್ರ ಅರ್ಧ ಪುಟ ಇತ್ತು.

ಜಗಳ ಮಾಡಿಯೇ ವಿಭಾಗವಾರು ಅಂಕ ತರಿಸಿಕೊಂಡು ಬೇರೆ ಒಬ್ಬ ಮನಶ್ಶಾಸ್ತ್ರಜ್ಞೆಗೆ ತೋರಿಸಿದೆವು. ಒಂದೊಂದು ವಿಭಾಗಕ್ಕೂ 1ರಿಂದ 19ರವರೆಗೆ ಅಂಕ, ಸರಾಸರಿ 10. ಭಾಷೆಯ ಎರಡೂ ವಿಭಾಗದಲ್ಲಿ ಇವಳಿಗೆ 19. ಅದಕ್ಕಿಂತ ಮೇಲೆ ಅಂಕವೇ ಇಲ್ಲ. ವೇಗದ ವಿಭಾಗದಲ್ಲಿ 7. ಅದರಲ್ಲಿ ಒಂದೇ ಥರದ ಹುಳದ ಚಿತ್ರ ಹುಡುಕಿ ಶಾಯಿ ಮುದ್ರೆ ಒತ್ತುತ್ತಾ ಹೋಗಬೇಕು, ಗಡಿಯಾರ ಓಡುತ್ತಿರುತ್ತದೆ. ನಮ್ಮವಳು ಒಂದೊಂದು ಹುಳದ ಹೊಟ್ಟೆಯ ಮಧ್ಯಕ್ಕೇ ಮುದ್ರೆ ಬೀಳಲಿ ಅಂತ ಗುರಿ ನೋಡಿ ನೋಡಿ ಒತ್ತಿದ್ದಾಳೆ. ಉತ್ತರ ಎಲ್ಲ ಸರಿ, ಅಂಕ ಕಡಿಮೆ.

19 ಮತ್ತು 7 ಎರಡನ್ನೂ ಸೇರಿಸಿ ತೆಗೆದ ಒಂದು ಸಂಖ್ಯೆ ಆ ಮಗುವಿನ ಬಗ್ಗೆ ಏನೂ ಹೇಳುವುದಿಲ್ಲ ಅಂದರು ಅವರು. ಇಂಥ ಹೊತ್ತಿಗೆ ಅಂತಲೇ ಜನರಲ್ ಎಬಿಲಿಟಿ ಇಂಡೆಕ್ಸ್ ಅಂತ ಇದೆ. ನೆನಪು ಮತ್ತು ವೇಗದ ಅಂಕ ಬಿಟ್ಟು ಲೆಕ್ಕ ಹಾಕುತ್ತಾರೆ. ಅಮೆರಿಕದ ನ್ಯಾಷನಲ್ ಅಸೋಸಿಯೇಶನ್ ಫಾರ್ ಗಿಫ್ಟೆಡ್ ಚಿಲ್ಡ್ರನ್ 2018ರಲ್ಲಿ ವಿಸ್ಕ್ ಐದರ ಬಗ್ಗೆ ಹೇಳಿಕೆ ಕೊಟ್ಟು, ಒಟ್ಟು ಐಕ್ಯೂ ಒಂದನ್ನೇ ಹಿಡಿದು ಕೂರಬೇಡಿ, ಈ ಥರದ ಅಂಕಗಳನ್ನೂ ಒಪ್ಪಿಕೊಳ್ಳಿ ಅಂದಿದೆ. ನಮ್ಮ ಸೆಂಟರ್ ಇದನ್ನು ಲೆಕ್ಕವೇ ಹಾಕಿರಲಿಲ್ಲ.

ಇಷ್ಟರವರೆಗೆ ಅಸಡ್ಡೆ ಅನ್ನಬಹುದು. ಮುಂದಿನದು ನನಗೆ ಈಗಲೂ ಸಿಟ್ಟು ತರಿಸುತ್ತದೆ. ಟೆಸ್ಟ್ ಮುಗಿದ ಮೇಲೆ "ಫ್ರೀ ಡೆಮೊ ಕ್ಲಾಸ್" ಅಂತ ಮಗಳನ್ನು ಒಳಗೆ ಕೂರಿಸಿಕೊಂಡಿದ್ದರು. ಬ್ರೈನ್ ಟ್ರೈನಿಂಗ್ ಕೋರ್ಸ್ ಮಾರಲು. ಅಲ್ಲಿ ಅವಳ ಕೈಯಲ್ಲಿ ಬಣ್ಣದ ಘನಗಳನ್ನು ಜೋಡಿಸುವ ಅಭ್ಯಾಸ ಮಾಡಿಸಿ, ಮಾಡಿಸಿದ ಹಾಳೆಗಳನ್ನು ಮನೆಗೂ ಕಳಿಸಿದ್ದರು. ಆ ಹಾಳೆ ನೋಡಿ ಮನಶ್ಶಾಸ್ತ್ರಜ್ಞೆಯ ಮುಖವೇ ಬದಲಾಯಿತು. ವೆಕ್ಸ್ಲರ್ ಟೆಸ್ಟಿನ ಪ್ರಶ್ನೆಗಳನ್ನೇ ಸ್ವಲ್ಪ ತಿರುಚಿದ್ದರು. ಟೆಸ್ಟಿನ ಸಾಮಗ್ರಿ ಗುಟ್ಟಾಗಿ ಇರಬೇಕಾದ್ದು. ಒಮ್ಮೆ ಅಭ್ಯಾಸ ಆದರೆ ಮುಂದಿನ ಅಂಕವನ್ನು ಯಾರೂ ನಂಬುವುದಿಲ್ಲ. ಹಾಗಾಗಿ ವಿಸ್ಕ್ ಮಾಡಲು ಅವರು ಒಪ್ಪಲಿಲ್ಲ, ಕಡಿಮೆ ಅಂದರೂ ಒಂದು ವರ್ಷ ಬಿಡಿ ಅಂದರು. ತುರ್ತಾದರೆ ಸ್ಟ್ಯಾನ್‌ಫರ್ಡ್ ಬಿನೆ ಅನ್ನುವ ಇನ್ನೊಂದು ಐಕ್ಯೂ ಟೆಸ್ಟಿನ ಐದನೇ ಆವೃತ್ತಿ ಮಾಡಬಹುದು, ಅದರ ಪ್ರಶ್ನೆಗಳು ಬೇರೆ, ವೇಗದ ಒತ್ತಡವೂ ಕಡಿಮೆ ಅಂದರು. ಅಷ್ಟು ಹೊತ್ತಿಗೆ ತರಗತಿಯ ಅರ್ಜಿ ದಿನಾಂಕ ದಾಟಿತ್ತು.

ಇನ್ನೂ ಕೆಲವು ಮಾತು, ಬೇಗ ಹೇಳಿ ಮುಗಿಸುತ್ತೇನೆ. ರೇವನ್ಸ್‌ನ ಬಣ್ಣದ ಚಿತ್ರಗಳ ಟೆಸ್ಟ್‌ನಲ್ಲಿ ಇರುವುದು 36 ಪ್ರಶ್ನೆ. ಟೆಸ್ಟ್ ಒಳ್ಳೆಯದೇ, ಆದರೆ ನೋಡುವುದು ಒಂದೇ ಬಗೆಯ ಯೋಚನೆಯನ್ನು. ಅದನ್ನೇ ಪೂರ್ತಿ ಐಕ್ಯೂ ಅಂತ ಬರೆದುಕೊಟ್ಟರೆ ಒಪ್ಪಬೇಡಿ. ಯಾರದೋ ಮಗುವಿಗೆ 148 ಅಂತ ಕೇಳಿ ಕಂಗಾಲಾಗಬೇಡಿ. ಕ್ಯಾಟೆಲ್ ಅನ್ನುವ ಬೇರೆ ಟೆಸ್ಟಿನ ಅಳತೆಯ 148, ವೆಕ್ಸ್ಲರ್ ಅಳತೆಯ 130 ಎರಡೂ ಒಂದೇ. ಹಳೆಯ ಆವೃತ್ತಿಯ ಟೆಸ್ಟ್ ಮಾಡಿದರೆ ಅಂಕ ಉಬ್ಬುತ್ತದೆ, ಹತ್ತು ವರ್ಷಕ್ಕೆ ಸುಮಾರು ಮೂರು ಅಂಕದಷ್ಟು. ಬೆರಳಚ್ಚು ನೋಡಿ ಬುದ್ಧಿಶಕ್ತಿ ಎಷ್ಟು ಅಂತ ಹೇಳುತ್ತೇವೆ ಅನ್ನುವವರ ಬಾಗಿಲಿಗೂ ಹೋಗಬೇಡಿ.

ದುಡ್ಡು ಕಟ್ಟುವ ಮುಂಚೆ ಟೆಸ್ಟಿನ ಪೂರ್ತಿ ಹೆಸರು, ಎಷ್ಟನೇ ಆವೃತ್ತಿ ಅಂತ ಬರೆದು ಕೊಡಲು ಹೇಳಿ. ಮಗುವಿನ ವಯಸ್ಸು ಆ ಟೆಸ್ಟಿನ ಮೇಲಿನ ಅಂಚಿಗೆ ಹತ್ತಿರ ಇದ್ದರೆ ಇನ್ನೊಂದು ಯಾಕೆ ಬೇಡ ಅಂತ ಕೇಳಿ. ಯಾರು ಟೆಸ್ಟ್ ಮಾಡುತ್ತಾರೆ, ಅವರ ಓದು ಏನು, ವಿಭಾಗವಾರು ಅಂಕ ರಿಪೋರ್ಟಿನಲ್ಲಿ ಇರುತ್ತದಾ ಅಂತಲೂ ಕೇಳಿ. ಟೆಸ್ಟ್ ಮಾಡುವ ಜಾಗದಲ್ಲೇ ಟ್ರೈನಿಂಗ್ ಕೋರ್ಸ್ ಮಾರುತ್ತಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ.

ನಾವು ದುಡ್ಡು ವಾಪಸ್ ಕೇಳಿದೆವು. ಅದು ಆಗಲ್ಲ, ಬೇಕಾದರೆ ಮುಂದಿನ ತಿಂಗಳು ಅದೇ ಟೆಸ್ಟನ್ನು ಅರ್ಧ ಫೀಸಿಗೆ ಮಾಡಿಕೊಡುತ್ತೇವೆ ಅಂದರು. "ಈ ಸಲ ಜಾಸ್ತಿನೇ ಬರುತ್ತೆ ಮೇಡಂ" ಅಂತ ಭರವಸೆ ಬೇರೆ.