ಮಲಗಿದರೆ 3, ನಡೆದರೆ 5: ಸೊಂಟನೋವಿಗೆ ನಾನು ಮಾಡಿ ನೋಡಿದ್ದು

ಸೊಂಟನೋವಿನ ಜೊತೆ ನಾಲ್ಕು ವರ್ಷ ಸಂಸಾರ ಮಾಡಿದ್ದೇನೆ. ಯಾರು ಏನು ಹೇಳಿದರೂ ಮಾಡಿ ನೋಡಿದ್ದೇನೆ. ಯಾವುದರಿಂದ ಏನಾಯಿತು ಅಂತ ಒಂದರ ಪಕ್ಕ ಒಂದಿಟ್ಟು ಹೇಳುತ್ತೇನೆ.

ಶುರುವಿನಲ್ಲಿ ನಾನು ನೋಡುತ್ತಿದ್ದ ಲೆಕ್ಕ ಒಂದೇ: ನೋವು ಹತ್ತಕ್ಕೆ ಎಷ್ಟು? ಆ ಲೆಕ್ಕದಲ್ಲಿ ಹಾಸಿಗೆಯೇ ಗೆದ್ದಿತು. ಮಲಗಿದರೆ 7 ಇದ್ದದ್ದು 3ಕ್ಕೆ ಇಳಿಯುತ್ತಿತ್ತು. ಎರಡು ವಾರ ಹಾಗೇ ಕಳೆದೆ. ಎದ್ದು ಮೆಟ್ಟಿಲು ಹತ್ತಿದರೆ ತೊಡೆ ನಡುಗುತ್ತಿತ್ತು, ನೋವು ಮತ್ತೆ 7. ಬಳಸದ ಸ್ನಾಯು ಬೇಗ ಸೊರಗುತ್ತದೆ ಅನ್ನುವುದನ್ನು ಹೀಗೆ ಕಲಿತೆ.

ಆಮೇಲೆ ಮಾತ್ರೆ. ಪ್ಯಾರಾಸಿಟಮಾಲ್‌ನಿಂದ ನನಗೆ ಏನೂ ಆಗಲಿಲ್ಲ. 2014ರಲ್ಲಿ ಆಸ್ಟ್ರೇಲಿಯಾದಲ್ಲಿ ಹೊಸದಾಗಿ ಸೊಂಟ ಹಿಡಿದವರ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲೂ ಅದು ಔಷಧವೇ ಇಲ್ಲದ ಹುಸಿ ಮಾತ್ರೆಗಿಂತ ಬೇಗ ಗುಣ ಮಾಡಲಿಲ್ಲ. ಐಬುಪ್ರೊಫೇನ್ ಮಾತ್ರ ಅರ್ಧ ಗಂಟೆಯಲ್ಲಿ ಹಾಯೆನಿಸುತ್ತಿತ್ತು. ಆದರೆ ಮೂರನೇ ವಾರಕ್ಕೆ ಹೊಟ್ಟೆ ಉರಿಯತೊಡಗಿತು. ಇಂಥ ಮಾತ್ರೆಗಳನ್ನು ದಿನಾ ನುಂಗಿದರೆ ಹೊಟ್ಟೆ ಹುಣ್ಣಾಗಬಹುದು, ಕಿಡ್ನಿಗೂ ಪೆಟ್ಟು. ಎರಡು ದಿನದ ನೋವಿಗೆ ಸರಿ, ಎರಡು ವರ್ಷದ್ದಕ್ಕೆ ಅಲ್ಲ.

ಅಷ್ಟರಲ್ಲಿ ಎಂಆರ್‌ಐ ಕೂಡ ಆಯಿತು. ‘ಡಿಸ್ಕ್ ಸವೆದಿದೆ’, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ ಸವೆದಿದೆ, ಅಂತ ವರದಿ ಬಂತು. ಆ ಎರಡು ಪದ ಓದಿದ ಮೇಲೆ ಬಗ್ಗಲೂ ಹೆದರಿದೆ, ಅದರಿಂದ ನೋವು ಇನ್ನೂ ಜಾಸ್ತಿಯಾಯಿತು. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಮಾಡಿ ನೋಡಿದ 2015ರ ಒಂದು ಅಧ್ಯಯನ ನನಗೆ ಸಿಕ್ಕಿದ್ದು ತಡವಾಗಿ. ಇಪ್ಪತ್ತರ ವಯಸ್ಸಿನವರಲ್ಲೂ ಶೇ 37 ಮಂದಿಗೆ ಡಿಸ್ಕ್ ಸವೆದಿತ್ತು. ಎಂಬತ್ತರವರಲ್ಲಿ ಶೇ 96. ಸವೆತವೊಂದೇ ಕಾರಣ ಆಗಿದ್ದರೆ ಅವರೆಲ್ಲ ನರಳಬೇಕಿತ್ತು, ಅಲ್ವಾ?

ಹಾಗಾದರೆ ಮೂರು ತಿಂಗಳು ದಾಟಿದ ನೋವು ಎಲ್ಲಿಂದ ಬರುತ್ತದೆ? ಹಾವು ಕಚ್ಚಿದವನು ಹಗ್ಗ ಕಂಡರೂ ಬೆಚ್ಚುತ್ತಾನಲ್ಲ, ಎಷ್ಟೋ ಜನರ ನರಗಳು ಹಾಗಾಗಿಬಿಡುತ್ತವೆ. ಮೊದಲ ಪೆಟ್ಟು ಮಾಗಿರುತ್ತದೆ, ಆದರೆ ಬೆನ್ನುಹುರಿ ಸಣ್ಣ ಸುದ್ದಿಯನ್ನೂ ದೊಡ್ಡದು ಮಾಡಿ ಮಿದುಳಿಗೆ ಕಳಿಸುತ್ತಿರುತ್ತದೆ. ಬೆನ್ನುಹುರಿ ಹೀಗೆ ಬದಲಾಗುತ್ತದೆ ಅಂತ ನೋವಿನ ವಿಜ್ಞಾನಿ ಕ್ಲಿಫರ್ಡ್ ವುಲ್ಫ್ 1983ರಲ್ಲೇ ಪ್ರಾಣಿಗಳಲ್ಲಿ ತೋರಿಸಿದ್ದರು. ನೋವು ಸುಳ್ಳು ಅಂತ ಅಲ್ಲ. ಅದು ಇರುವ ಜಾಗ ಬೇರೆ, ಅಷ್ಟೇ.

ಇದು ತಲೆಗೆ ಹೋದ ಮೇಲೆ ಲೆಕ್ಕ ಬದಲಾಯಿಸಿದೆ. ನೋವು ಎಷ್ಟು ಅಂತ ಕೇಳಿಕೊಳ್ಳುವುದು ಬಿಟ್ಟು, ಕೂರದೆ ಎಷ್ಟು ನಿಮಿಷ ನಿಲ್ಲಬಲ್ಲೆ ಅಂತ ಬರೆದಿಡತೊಡಗಿದೆ. ಆಗ 8 ನಿಮಿಷ.

ಸೊಂಟದ ಬೆಲ್ಟ್, ಬಿಸಿನೀರಿನ ಚೀಲ, ಚರ್ಮಕ್ಕೆ ಸಣ್ಣ ಕರೆಂಟ್ ಕೊಡುವ ಟೆನ್ಸ್ ಯಂತ್ರ, ಮೂರೂ ಒಂದೇ ಜಾತಿ. ಇರುವಷ್ಟು ಹೊತ್ತು ಸುಖ, ತೆಗೆದ ಹತ್ತು ನಿಮಿಷಕ್ಕೆ ಮೊದಲಿನಂತೆ. ಪೆಟ್ಟು ಬಿದ್ದ ಕಡೆ ಉಜ್ಜಿಕೊಂಡರೆ ನೋವು ಯಾಕೆ ಕಮ್ಮಿ ಅನಿಸುತ್ತದೆ ಅನ್ನುವುದಕ್ಕೆ ಮೆಲ್ಝ್ಯಾಕ್ ಮತ್ತು ವಾಲ್ ಅನ್ನುವ ಇಬ್ಬರು ನೋವಿನ ವಿಜ್ಞಾನಿಗಳು 1965ರಲ್ಲಿ ಕೊಟ್ಟ ವಿವರಣೆಯಿಂದಲೇ ಟೆನ್ಸ್ ಹುಟ್ಟಿದ್ದು. ಚೀಲವನ್ನು ಇಟ್ಟುಕೊಂಡಿದ್ದೇನೆ. ಬೆಲ್ಟ್ ಎಲ್ಲಿದೆಯೋ ಗೊತ್ತಿಲ್ಲ.

ರಾತ್ರಿಗೆ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಬರೆದಾಗ ಮುನಿಸಿಕೊಂಡಿದ್ದೆ. “ಇದು ಖಿನ್ನತೆಯ ಮಾತ್ರೆ ಅಲ್ವಾ ಡಾಕ್ಟ್ರೇ, ನನ್ನ ತಲೆ ಸರಿ ಇದೆಯಲ್ಲ?” ಅಂದೆ. ಕಮ್ಮಿ ಡೋಸ್‌ನಲ್ಲಿ ಅದು ನೋವಿನ ಸುದ್ದಿಯನ್ನು ತಗ್ಗಿಸುತ್ತದೆ, ನಿದ್ದೆಯನ್ನೂ ಕೊಡುತ್ತದೆ ಅಂದರು. ಬಾಯಿ ಒಣಗಿತು, ಬೆಳಿಗ್ಗೆ ಮಂಪರು. ನೋವು ಅಷ್ಟೇನೂ ಇಳಿಯಲಿಲ್ಲ. ಆದರೆ ನಿದ್ದೆ ಬಂತು. ನಿದ್ದೆಗೆಟ್ಟ ಮರುದಿನ ನನ್ನ ನೋವು ಎಷ್ಟಿರುತ್ತಿತ್ತು ಅಂತ ನೆನೆದರೆ ಅದೇ ದೊಡ್ಡದು.

ಕೊನೆಗೆ ನಡಿಗೆ. ಮೊದಲ ಸಲ ತಪ್ಪು ಮಾಡಿದೆ. ಹಗುರ ಅನಿಸಿದ ದಿನ ಐದು ಕಿಲೋಮೀಟರ್ ನಡೆದು, ಮೂರು ದಿನ ಬಿದ್ದುಕೊಂಡೆ. ಫಿಸಿಯೋಥೆರಪಿಯವರು ನಕ್ಕು, “ಒಳ್ಳೆ ದಿನ ಅಂತ ಜಾಸ್ತಿ ಬೇಡ, ಕೆಟ್ಟ ದಿನ ಅಂತ ಕಮ್ಮಿನೂ ಬೇಡ” ಅಂದರು. ದಿನಕ್ಕೆ 6 ನಿಮಿಷ, ಗಡಿಯಾರ ನೋಡಿಕೊಂಡು. ವಾರಕ್ಕೆ ಒಂದು ನಿಮಿಷ ಸೇರಿಸುವುದು. ಆರು ನಿಮಿಷದ ನಡಿಗೆಗೆ ಚಪ್ಪಲಿ ಹಾಕಿಕೊಳ್ಳುವುದೇ ನಾಚಿಕೆ ಅನಿಸುತ್ತಿತ್ತು. ಮೊದಲ ಮೂರು ವಾರ ನೋವು ಸ್ವಲ್ಪ ಏರಿತು ಕೂಡ. ಮಧ್ಯದಲ್ಲಿ ಎರಡು ಸಲ ಬಿಟ್ಟುಬಿಡೋಣ ಅನಿಸಿತ್ತು. ಹದಿನಾರು ವಾರಕ್ಕೆ 22 ನಿಮಿಷ ಆಯಿತು.

ಆಗ ಹಳೇ ಲೆಕ್ಕ ತೆಗೆದು ನೋಡಿದೆ. ನೋವು 7 ಇದ್ದದ್ದು 5. ಅಂದರೆ ಹಾಸಿಗೆಗಿಂತ ಕಳಪೆ! ಹೊಸ ಲೆಕ್ಕದಲ್ಲಿ, ನಿಲ್ಲುವುದು 8 ನಿಮಿಷದಿಂದ 40ಕ್ಕೆ ಬಂದಿತ್ತು.

ಒಂದು ಮಾತು. ಮೂತ್ರ, ಮಲದ ಹಿಡಿತ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ ಅಥವಾ ಕಾಲು ಬಲ ಕಳೆದುಕೊಂಡರೆ ಈ ಹೋಲಿಕೆಯೆಲ್ಲ ಪಕ್ಕಕ್ಕಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಿ. ನೋವಿನ ಜೊತೆ ಜ್ವರ ಇದ್ದರೆ, ಸುಮ್ಮಸುಮ್ಮನೆ ತೂಕ ಇಳಿಯುತ್ತಿದ್ದರೆ ಬೇಗ ವೈದ್ಯರಿಗೆ ತೋರಿಸಿ. ಅದು ಗಡಿಯಾರ ಹಿಡಿದು ನಡೆಯುವ ನೋವಲ್ಲ.