ನಡಿಗೆಯ ವೇಗದಲ್ಲಿ ಬಿದ್ದ ಬೈಕು: ‘ಆಫ್‌ರೋಡ್ ಕಿಟ್’ ಹಾಕಿಸುವ ಮೊದಲು ಇದನ್ನು ಓದಿ

ಸಕಲೇಶಪುರ ತಾಲ್ಲೂಕಿನ ಹೆತ್ತೂರು ಕಡೆಯ ಎಸ್ಟೇಟ್ ರಸ್ತೆ, ಜೂನ್ ಮಳೆ, ಕೆಂಪು ಜೇಡಿಮಣ್ಣಿನ ಇಳಿಜಾರು. ವೇಗ ಗಂಟೆಗೆ ಹತ್ತು ಕಿಲೋಮೀಟರ್ ಕೂಡ ಇರಲಿಲ್ಲ. 411 ಸಿಸಿಯ, ಸುಮಾರು 200 ಕೆಜಿ ತೂಕದ ಬೈಕೊಂದು ಎಡಕ್ಕೆ ಒರಗಿ ಮಲಗಿತು. ಶೋರೂಮಿನಿಂದ ಬಂದ ಹಾಗೇ ಇದ್ದಿದ್ದರೆ ಎತ್ತಿ ನಿಲ್ಲಿಸಿ, ಕೆಸರು ಒರೆಸಿಕೊಂಡು ಹೊರಡಬಹುದಿತ್ತು. ಹಾಗಾಗಲಿಲ್ಲ. ಸವಾರನ ಪಾದದ ಕೀಲಿನ ಮೂಳೆ ಮುರಿಯಿತು. ಹಿಂದಿನ ಸಬ್‌ಫ್ರೇಮ್ (ಸೀಟು, ಲಗೇಜು ಹೊರುವ ಚೌಕಟ್ಟು) ಸೊಟ್ಟಾಯಿತು. ಕ್ಲಚ್ ಲಿವರ್ ಬುಡದಲ್ಲೇ ತುಂಡಾಯಿತು, ಎಂಜಿನ್ ಗಾರ್ಡಿನ ಕೆಳಗಿನ ಬೋಲ್ಟ್ ಕತ್ತರಿಸಿಹೋಯಿತು, ಕೀ ತಿರುಗಿಸಿದರೆ ಮೀಟರಿನಲ್ಲಿ ಬೆಳಕೇ ಇಲ್ಲ. ಅದೇ ದಿನ ಸ್ವಲ್ಪ ಮುಂದಿನ ಹಳ್ಳದಲ್ಲಿ ಅದೇ ಗುಂಪಿನ ಇನ್ನೊಂದು ಬೈಕಿನ ಎಂಜಿನ್ ನೀರು ಕುಡಿಯಿತು.

ಮೊದಲನೆಯ ಬೈಕಿಗೆ ಆದ ಹಾನಿಗೆ ಮಳೆಯನ್ನೋ ರಸ್ತೆಯನ್ನೋ ದೂರಿ ಪ್ರಯೋಜನವಿಲ್ಲ. ಮುರಿದ ಒಂದೊಂದು ಭಾಗದ ಹಿಂದೆಯೂ ಅಂಗಡಿಯೊಂದರಲ್ಲಿ ‘ಆಫ್‌ರೋಡ್ ಕಿಟ್’ ಎಂದು ಒಟ್ಟಿಗೆ ಹಾಕಿಸಿದ ಸಾಮಾನು ಅಥವಾ ಅದನ್ನು ಜೋಡಿಸಿದ ರೀತಿ ಇದೆ. ಇಂಥ ಕಿಟ್ ಎಲ್ಲ ಊರಲ್ಲೂ ಸಿಗುತ್ತದೆ, ನೋಡಲು ಗಟ್ಟಿಯಾಗಿಯೇ ಇರುತ್ತದೆ. ದುಡ್ಡು ಕೊಡುವ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆ: ಬೈಕು ಪಕ್ಕಕ್ಕೆ ಬಿದ್ದಾಗ ಇದರ ಮೇಲೆ ಬಿದ್ದ ಪೆಟ್ಟು ಎಲ್ಲಿಗೆ ಹೋಗುತ್ತದೆ?

ಮೂಳೆ ಮುರಿಸಿದ್ದು ಹಿಂಬದಿಯ ಪಕ್ಕದಲ್ಲಿ ಲಗೇಜಿಗೆಂದು ಹಾಕಿಸಿದ ಲೋಹದ ಪೆಟ್ಟಿಗೆ. ಕೆಸರಿನಲ್ಲಿ ಬೈಕು ಜಾರಿದಾಗ ಯಾರೇ ಆದರೂ ಕಾಲು ಊರುತ್ತಾರೆ. ಬೈಕು ಮುಂದಕ್ಕೆ ಹೋಗುತ್ತಲೇ ಇರುವುದರಿಂದ ಊರಿದ ಕಾಲು ಹಿಂದೆ ಉಳಿಯುತ್ತದೆ, ಪೆಟ್ಟಿಗೆಯ ಮುಂದಿನ ಅಂಚು ಬಂದು ಮೀನಖಂಡಕ್ಕೆ ಬಡಿಯುತ್ತದೆ. ಬೈಕು ಬಿದ್ದರೆ ಪಾದ ಪೆಟ್ಟಿಗೆಗೂ ನೆಲಕ್ಕೂ ನಡುವೆ ಸಿಕ್ಕಿಕೊಳ್ಳುತ್ತದೆ. ಟಾರು ರಸ್ತೆಯ ದೂರ ಪ್ರಯಾಣಕ್ಕೆ ಅಲ್ಯುಮಿನಿಯಂ ಪೆಟ್ಟಿಗೆ ಒಳ್ಳೆಯದೇ. ಬೀಗ ಇದೆ, ಮಳೆನೀರು ಒಳಹೋಗುವುದಿಲ್ಲ. ಕಲ್ಲು, ಕೆಸರಿನ ದಾರಿಗೆ ಅದು ಬೇಡವೇ ಬೇಡ. ತೂಕವನ್ನೂ ನೋಡಿ: ಖಾಲಿ ಪೆಟ್ಟಿಗೆ ಒಂದೊಂದಕ್ಕೆ ನಾಲ್ಕೈದು ಕೆಜಿ, ಅದನ್ನು ಹಿಡಿಯುವ ಸ್ಟೀಲ್ ಸ್ಟೇಗೆ ಮತ್ತೆ ಐದಾರು ಕೆಜಿ. ಒಂದು ಬನಿಯನ್ ತುಂಬುವ ಮೊದಲೇ ಬೈಕಿನ ಹಿಂಭಾಗಕ್ಕೆ ಹದಿನೈದು ಕೆಜಿ ಬಂತು. ಅದೂ ಹಿಂದಿನ ಆಕ್ಸಲ್‌ಗಿಂತ ಹಿಂದೆ, ಎತ್ತರದಲ್ಲಿ. ಮುಂದಿನ ಚಕ್ರ ಹಗುರಾಗಿ ಹಿಡಿತ ಬಿಡುತ್ತದೆ, ಏರಿನಲ್ಲಿ ಹ್ಯಾಂಡಲ್ ಮಾತು ಕೇಳುವುದಿಲ್ಲ. ಬಿದ್ದಾಗ ಪೆಟ್ಟಿಗೆಯ ಮೂಲೆ ನೆಲಕ್ಕೆ ತಾಗಿ, ಸ್ಟೇ ಹಾರೆಯ ಹಾಗೆ ಸಬ್‌ಫ್ರೇಮನ್ನು ಮೀಟುತ್ತದೆ. ಇಲ್ಲಿ ಆದದ್ದೂ ಅದೇ.

ಬದಲಿಗೆ ಬಟ್ಟೆಯ ಸ್ಯಾಡಲ್ ಬ್ಯಾಗ್ ಸಾಕು. ಒಂದೊಂದು ಕಡೆಗೆ 15ರಿಂದ 20 ಲೀಟರ್, ಒಳಗೆ ನೀರು ಹೋಗದ ಚೀಲ. ಭಾರದ ಸಾಮಾನು (ಟೂಲ್ಸ್, ಟ್ಯೂಬ್, ನೀರು) ಬ್ಯಾಗಿನ ತಳದಲ್ಲಿ, ಸಾಧ್ಯವಾದಷ್ಟು ಮುಂದಕ್ಕೆ. ಹಿಂದಿನ ರ್ಯಾಕಿನ ಮೇಲೆ ಹಗುರವಾದ ಬಟ್ಟೆ, ಮಲಗುವ ಚೀಲ ಮಾತ್ರ. ರ್ಯಾಕಿಗೆ ಎಷ್ಟು ಕೆಜಿ ಮಿತಿ ಎಂದು ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತದೆ, ಸಾಮಾನ್ಯವಾಗಿ ಹತ್ತು ಕೆಜಿಯ ಒಳಗೇ. ಅದು ಟಾರು ರಸ್ತೆಯ ಲೆಕ್ಕ. ಕಲ್ಲುದಾರಿಯಲ್ಲಿ ಅದರ ಅರ್ಧಕ್ಕೆ ನಿಲ್ಲಿಸಿ.

ಎಂಜಿನ್ ಗಾರ್ಡ್ ಕೊಳ್ಳುವಾಗ ಪೈಪಿನ ದಪ್ಪ ನೋಡುವವರೇ ಹೆಚ್ಚು. ನೋಡಬೇಕಾದದ್ದು ಅದು ಎಷ್ಟು ಕಡೆ ಹಿಡಿದಿದೆ ಎಂಬುದನ್ನು. ಎಡ ಬಲ ಎರಡೂ ಬದಿ ಒಂದಕ್ಕೊಂದು ಅಡ್ಡಪಟ್ಟಿಯಿಂದ ಸೇರಿರಬೇಕು, ಒಂದೊಂದು ಬದಿಗೆ ಕನಿಷ್ಠ ಎರಡು ಕಡೆ, ಅದೂ ಫ್ರೇಮಿಗೆ ಬೋಲ್ಟ್ ಆಗಿರಬೇಕು. ಈ ಬೈಕಿನ ಗಾರ್ಡಿಗೆ ಅಡ್ಡಪಟ್ಟಿ ಇರಲಿಲ್ಲ. ಕೆಳಗಿನ ಹಿಡಿತ ಎಂಜಿನ್ ಮೌಂಟಿನ ಬೋಲ್ಟಿನಲ್ಲೇ ಇತ್ತು. ಕಂಪನಿ ಬೋಲ್ಟ್ ತೆಗೆದು, ಉದ್ದ ಸಾಲದೆ ಗ್ರೇಡ್ ಗುರುತೇ ಇಲ್ಲದ ಮಾಮೂಲಿ ಬೋಲ್ಟ್ ಹಾಕಿದ್ದರು. ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂದು ಇರಬೇಕು, ಅದು ಬೋಲ್ಟಿನ ಗಟ್ಟಿತನದ ಗುರುತು. ಕಂಪನಿ ಹಾಕಿದ್ದಕ್ಕಿಂತ ಕಡಿಮೆ ಗ್ರೇಡ್ ಎಂದೂ ಬೇಡ. ಗುರುತಿಲ್ಲದ ಬೋಲ್ಟ್ ಗೇಟಿಗೆ ಸರಿ, ಎಂಜಿನ್ ಮೌಂಟಿಗೆ ಅಲ್ಲ.

ಬಿಗಿ ಮಾಡುವ ವಿಷಯ ಇಲ್ಲೇ ಹೇಳುವುದು ಒಳ್ಳೆಯದು, ಏಕೆಂದರೆ ಕಲ್ಲುದಾರಿಯಲ್ಲಿ ಬೀಳದೇ ಹೋದರೂ ಬೋಲ್ಟ್‌ಗಳು ಸಡಿಲವಾಗುತ್ತವೆ. ಮ್ಯಾನ್ಯುಯಲ್‌ನಲ್ಲಿ ಟಾರ್ಕ್ (ಎಷ್ಟು ಬಿಗಿ ಮಾಡಬೇಕೆಂಬ ಅಳತೆ) ಇದ್ದರೆ ಅದೇ ಅಂತಿಮ. ಇಲ್ಲದಿದ್ದರೆ 8.8 ಗ್ರೇಡಿನ ಬೋಲ್ಟ್ ಸ್ಟೀಲಿಗೆ ಕೂರುವಲ್ಲಿ ಎಂ6ಕ್ಕೆ (6 ಮಿಲಿಮೀಟರ್ ದಪ್ಪದ್ದು) ಸುಮಾರು 10 ನ್ಯೂಟನ್ ಮೀಟರ್, ಎಂ8ಕ್ಕೆ 22ರಿಂದ 25. ಬೋಲ್ಟ್ ಅಲ್ಯುಮಿನಿಯಂ ಥ್ರೆಡ್‌ಗೆ ಕೂರುವಲ್ಲಿ ಇದಕ್ಕಿಂತ ಕಡಿಮೆ. ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು, ನೀಲಿ ಥ್ರೆಡ್‌ಲಾಕರ್, ಒಂದು ಹನಿ ಸಾಕು. ಕೆಂಪು ಬಣ್ಣದ್ದು ಹಾಕಿದರೆ ಬಿಚ್ಚಲು ಬಿಸಿ ಮಾಡಬೇಕಾಗುತ್ತದೆ. ಬಿಗಿ ಮಾಡಿದ ಮೇಲೆ ಬೋಲ್ಟಿನ ತಲೆಯಿಂದ ಬ್ರಾಕೆಟ್‌ವರೆಗೆ ಬಿಳಿ ಪೇಂಟಿನ ಗೆರೆ ಎಳೆಯಿರಿ. ಗೆರೆ ತಪ್ಪಿದ್ದರೆ ಬೋಲ್ಟ್ ತಿರುಗಿದೆ ಎಂದರ್ಥ. ಬೆಳಿಗ್ಗೆ ಹೊರಡುವ ಮುಂಚೆ ಒಂದು ಸುತ್ತು ಕಣ್ಣಾಡಿಸಿದರೆ ಗೊತ್ತಾಗುತ್ತದೆ. ಹೊಸ ಸಾಮಾನು ಹಾಕಿಸಿ ನೂರು ಕಿಲೋಮೀಟರ್ ಓಡಿಸಿದ ಮೇಲೆ ಎಲ್ಲವನ್ನೂ ಮತ್ತೊಮ್ಮೆ ಪರೀಕ್ಷಿಸಬೇಕು.

ಎಂಜಿನ್ನಿನ ತಳ ಕಾಯುವ ಬ್ಯಾಶ್ ಪ್ಲೇಟಿಗೂ ಇದೇ ಮಾತು. 3ರಿಂದ 4 ಮಿಲಿಮೀಟರ್ ಅಲ್ಯುಮಿನಿಯಂ ಇರಲಿ, ಎಂಜಿನ್ ತಳಕ್ಕೂ ಪ್ಲೇಟಿಗೂ ಬೆರಳು ಹೋಗುವಷ್ಟು ಸಂದು ಇರಲಿ. ಅಂಟಿಕೊಂಡಿದ್ದರೆ ಕಲ್ಲಿನ ಪೆಟ್ಟು ನೇರ ಆಯಿಲ್ ಡ್ರೇನ್ ಬೋಲ್ಟಿಗೆ, ಕ್ರ್ಯಾಂಕ್‌ಕೇಸಿಗೆ ಹೋಗುತ್ತದೆ. ಸಂದಿಯಲ್ಲಿ ಸೇರಿದ ಕೆಸರನ್ನು ಅವತ್ತೇ ತೊಳೆಯಿರಿ, ಒಣಗಿದರೆ ಎಂಜಿನ್ ತಣಿಯುವುದಿಲ್ಲ.

ಕ್ಲಚ್ ಲಿವರ್ ಮುರಿದದ್ದು ಚಿಕ್ಕ ವಿಷಯದಂತೆ ಕಾಣುತ್ತದೆ, ಆದರೆ ಕಾಡಿನಂಚಿನಲ್ಲಿ ಬೈಕು ನಿಲ್ಲಿಸುವುದು ಇಂಥ ಚಿಕ್ಕ ವಿಷಯವೇ. ಬರೀ ಪ್ಲಾಸ್ಟಿಕ್ಕಿನ ಹ್ಯಾಂಡ್ ಗಾರ್ಡ್ ಚಳಿಗಾಳಿ ತಡೆಯುತ್ತದೆ, ನೆಲವನ್ನಲ್ಲ. ಒಳಗೆ ಅಲ್ಯುಮಿನಿಯಂ ಪಟ್ಟಿ ಇದ್ದು, ಅದು ಹ್ಯಾಂಡಲಿನ ತುದಿಗೂ ನಡುಭಾಗಕ್ಕೂ ಎರಡು ಕಡೆ ಬಿಗಿಯಾಗಿರುವಂಥದ್ದು ಬೇಕು. ಇನ್ನೊಂದು ಉಪಾಯ ಖರ್ಚಿಲ್ಲದ್ದು: ಲಿವರಿನ ಕ್ಲ್ಯಾಂಪನ್ನು ಪೂರ್ತಿ ಬಿಗಿಯಬೇಡಿ. ಓಡಿಸುವಾಗ ಅಲುಗಾಡಬಾರದು, ಕೈಯಿಂದ ಜೋರಾಗಿ ತಿರುಗಿಸಿದರೆ ತಿರುಗಬೇಕು. ಬಿದ್ದಾಗ ಲಿವರ್ ಮುರಿಯುವ ಬದಲು ಹ್ಯಾಂಡಲಿನ ಸುತ್ತ ತಿರುಗುತ್ತದೆ. ಕ್ಲಚ್, ಬ್ರೇಕ್ ಎರಡರ ಹೆಚ್ಚುವರಿ ಲಿವರ್ ಮತ್ತು ಕ್ಲಚ್ ಕೇಬಲ್ ಬ್ಯಾಗಿನಲ್ಲಿ ಇರಲೇಬೇಕು.

ನಿಂತು ಓಡಿಸಲೆಂದು ಹ್ಯಾಂಡಲನ್ನು ಎತ್ತರಿಸುವ ರೈಸರ್ ಹಾಕಿಸುವವರು ಒಂದು ಪರೀಕ್ಷೆ ಮಾಡದೆ ಅಂಗಡಿ ಬಿಡಬಾರದು. ಎಂಜಿನ್ ಚಾಲೂ ಇಟ್ಟು ಹ್ಯಾಂಡಲನ್ನು ಎಡಕ್ಕೆ ಕೊನೆತನಕ, ಬಲಕ್ಕೆ ಕೊನೆತನಕ ತಿರುಗಿಸಿ. ಐಡಲಿಂಗ್ ಏರಿದರೆ ಥ್ರಾಟಲ್ ಕೇಬಲ್ ಎಳೆಯುತ್ತಿದೆ. ಇಕ್ಕಟ್ಟಿನ ತಿರುವಿನಲ್ಲಿ ಬೈಕು ತಾನಾಗಿ ಮುಂದಕ್ಕೆ ನುಗ್ಗುತ್ತದೆ. ಬ್ರೇಕ್ ಹೋಸ್, ವೈರಿಂಗ್ ಕೂಡ ಬಿಗಿಯಾಗಬಾರದು.

ಹೆಚ್ಚುವರಿ ದೀಪಗಳದ್ದು ದೊಡ್ಡ ಗೋಳು. ಇಲ್ಲಿ 40 ವಾಟಿನ ಎರಡು ದೀಪಕ್ಕೆ ಬೈಕಿನ ಹೆಡ್‌ಲೈಟ್ ವೈರನ್ನೇ ಸುಲಿದು ಸುತ್ತಿ ಟೇಪ್ ಹಾಕಿದ್ದರು. ವೈರ್ ಹ್ಯಾಂಡಲಿನ ಕುತ್ತಿಗೆಯ ಬಳಿ ಉಜ್ಜಿ ಉಜ್ಜಿ ಸವೆದಿತ್ತು. ಬಿದ್ದ ಏಟಿಗೆ ಫ್ರೇಮಿಗೆ ತಾಗಿ ಶಾರ್ಟ್ ಆಗಿ ಮೇನ್ ಫ್ಯೂಸ್ ಹೋಯಿತು. ಎರಡು ದೀಪಕ್ಕೆ 80 ವಾಟ್ ಎಂದರೆ ಆರೂವರೆ ಆಂಪಿಯರ್ ಹತ್ತಿರ ಬರುತ್ತದೆ. ಆ ವೈರು ಅಷ್ಟು ಹೆಚ್ಚುವರಿ ಹೊರೆಗೆ ಇರುವುದಲ್ಲ. ಸರಿಯಾದ ಜೋಡಣೆ ಹೀಗೆ: ಬ್ಯಾಟರಿಯ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ 10 ಆಂಪಿಯರ್ ಫ್ಯೂಸ್, ಅಲ್ಲಿಂದ ರಿಲೇಯ (ಸಣ್ಣ ವಿದ್ಯುತ್ತಿನಿಂದ ದೊಡ್ಡ ಹೊರೆಯನ್ನು ಆನ್ ಆಫ್ ಮಾಡುವ ಸ್ವಿಚ್) 30ನೇ ಪಿನ್ನಿಗೆ, 87ರಿಂದ ದೀಪಗಳಿಗೆ, 86ಕ್ಕೆ ಕೀ ಆನ್ ಆದಾಗ ಮಾತ್ರ ವಿದ್ಯುತ್ ಬರುವ ವೈರು, ನಡುವೆ ಸ್ವಿಚ್, 85 ಅರ್ತಿಂಗಿಗೆ. ವೈರು 1.5 ಚದರ ಮಿಲಿಮೀಟರಿನದು. ಕುತ್ತಿಗೆಯ ಬಳಿ ಸಡಿಲವಾಗಿ ಬಿಟ್ಟು ಸ್ಲೀವ್ ಹಾಕಬೇಕು. ಹೀಗಿದ್ದಿದ್ದರೆ ಹೋಗುತ್ತಿದ್ದದ್ದು ದೀಪದ ಫ್ಯೂಸ್ ಒಂದೇ. ಊರೊಳಗೆ, ಹೆದ್ದಾರಿಯಲ್ಲಿ ಈ ದೀಪ ಹಾಕಬೇಡಿ. ಎದುರಿನಿಂದ ಬರುವವರ ಕಣ್ಣು ಕುಕ್ಕುತ್ತದೆ, ಪೊಲೀಸರು ಕೇಸು ಹಾಕಿದರೆ ತಪ್ಪು ನಮ್ಮದೇ.

ಇಷ್ಟೆಲ್ಲ ಖರ್ಚು ಮಾಡಿದ ಬೈಕಿನ ಟೈರಿನಲ್ಲಿ ಗಾಳಿ ಮಾತ್ರ ಹೆದ್ದಾರಿಯ ಲೆಕ್ಕದ್ದೇ ಇತ್ತು, ಹಿಂದೆ 32 ಪಿಎಸ್‌ಐ. ಜಾರಿದ್ದಕ್ಕೆ ಮೊದಲ ಕಾರಣವೇ ಅದು. ಜೇಡಿಮಣ್ಣಿನಲ್ಲಿ ಮುಂದೆ 20, ಹಿಂದೆ 22ರ ಆಸುಪಾಸಿಗೆ ಇಳಿಸಿದರೆ ಟೈರು ಅಗಲವಾಗಿ ನೆಲ ಹಿಡಿಯುತ್ತದೆ. ಚೂಪು ಕಲ್ಲು, ಜೊತೆಗೆ ಲಗೇಜು ಇದ್ದರೆ 24ಕ್ಕಿಂತ ಇಳಿಸಬೇಡಿ. ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬ್ ಕಚ್ಚಿ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ರಿಮ್ ಲಾಕ್ (ಟೈರನ್ನು ರಿಮ್ಮಿಗೆ ಒತ್ತಿ ಹಿಡಿಯುವ ಭಾಗ) ಇಲ್ಲದ ಟ್ಯೂಬ್ ಟೈರನ್ನು 18ಕ್ಕಿಂತ ಕೆಳಗೆ ಇಳಿಸಿದರೆ ಟೈರು ರಿಮ್ಮಿನ ಮೇಲೆ ಜರುಗಿ ವಾಲ್ವ್ ಬುಡವನ್ನೇ ಹರಿಯಬಹುದು. ವಾಲ್ವಿನ ನಟ್ಟನ್ನು ರಿಮ್ಮಿಗೆ ಬಿಗಿಯದೆ ಮೇಲೆ ಕ್ಯಾಪಿನ ಕಡೆಗೆ ತಂದು ಬಿಡಿ: ಟೈರು ಜರುಗಿದರೆ ವಾಲ್ವ್ ಓರೆಯಾಗಿ ನಿಂತು ಹರಿಯುವ ಮುಂಚೆಯೇ ತಿಳಿಸುತ್ತದೆ. ಗಾಳಿ ಇಳಿಸುವವರು ಪಂಪ್, ಪ್ರೆಶರ್ ಗೇಜ್ ಎರಡನ್ನೂ ಒಯ್ಯಬೇಕು. ಕಡಿಮೆ ಗಾಳಿಯಲ್ಲಿ ಟಾರು ರಸ್ತೆಯಲ್ಲಿ ವೇಗವಾಗಿ ಓಡಿಸುವುದು ಇನ್ನೊಂದು ಅಪಘಾತಕ್ಕೆ ದಾರಿ.

ಇಳಿಜಾರಿನಲ್ಲಿ ಮೊದಲ ಗೇರು, ಕ್ಲಚ್ ಪೂರ್ತಿ ಬಿಟ್ಟು ಎಂಜಿನ್ ಹಿಡಿತದಲ್ಲೇ ಇಳಿಯಬೇಕು. ಕ್ಲಚ್ ಹಿಡಿದರೆ ಬೈಕು ಓಡಿಹೋಗುತ್ತದೆ, ಆಗ ಗಾಬರಿಯಿಂದ ಮುಂದಿನ ಬ್ರೇಕ್ ಒತ್ತುತ್ತಾರೆ, ಮುಂದಿನ ಚಕ್ರ ಜಾರುತ್ತದೆ. ಹಿಂದಿನ ಬ್ರೇಕ್ ಮೇಲೆ ಕಾಲು ಹಗುರವಾಗಿ, ಮುಂದಿನದಕ್ಕೆ ಒಂದೇ ಬೆರಳು. ಹಿಂದಿನ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಆರಿಸುವ ಬೈಕಾದರೆ ನೆನಪಿಡಿ, ಕೀ ಆಫ್ ಮಾಡಿದರೆ ಹೆಚ್ಚಿನ ಬೈಕುಗಳಲ್ಲಿ ಅದು ತಾನಾಗಿ ಮತ್ತೆ ಆನ್ ಆಗುತ್ತದೆ. ಫೋಟೊಗೆಂದು ನಿಲ್ಲಿಸಿ ಹೊರಟ ಮೇಲೆ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದ ಹಾಗೆ ಆಗುವುದು ಇದರಿಂದ.

ಬಿದ್ದ ಬೈಕನ್ನು ಎತ್ತುವ ಮುಂಚೆ ಎಂಜಿನ್ ಆರಿಸುವ ಕಿಲ್ ಸ್ವಿಚ್ ಒತ್ತಿ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಮೊದಲೇ ಹೊರಕ್ಕೆ ಎಳೆದಿಡಿ, ಇಳಿಜಾರಾದರೆ ಗೇರಿನಲ್ಲಿಡಿ. ಎತ್ತಿದ ಮೇಲೆ ಸ್ಟಾರ್ಟ್ ಮಾಡುವ ಮುಂಚೆ ಎಕ್ಸಿಲರೇಟರ್ ತಿರುಗಿಸಿ ಬಿಡಿ. ತಟ್ಟನೆ ಹಿಂದಕ್ಕೆ ಬರಬೇಕು. ಬಾಗಿದ ಹ್ಯಾಂಡ್ ಗಾರ್ಡ್ ಅದನ್ನು ತೆರೆದ ಸ್ಥಿತಿಯಲ್ಲೇ ಹಿಡಿದಿರುವುದುಂಟು. ಸವಾರನ ಪಾದಕ್ಕೆ ಪೆಟ್ಟಾಗಿದ್ದರೆ ಬೂಟು ಬಿಚ್ಚಬೇಡಿ, ಅದೇ ಸದ್ಯದ ಕಟ್ಟು. ಕಾಲಿನ ಮೇಲೆ ಭಾರ ಹಾಕಿಸದೆ, ರಸ್ತೆಗೆ ತಲುಪಿಸಿ 108ಕ್ಕೆ ಕರೆ ಮಾಡಿ.

ಈಗ ಹಳ್ಳದ ಸಂಗತಿ. ಎರಡನೆಯ ಬೈಕು ನಡುನೀರಿನಲ್ಲಿ ಉರುಟು ಕಲ್ಲಿಗೆ ಜಾರಿ ಮಲಗಿತು, ಎಂಜಿನ್ ನಿಂತಿತು. ಎತ್ತಿದ ಕೂಡಲೇ ಸ್ಟಾರ್ಟರ್ ಒತ್ತಿದರು. ಒಂದು ‘ಟಕ್’ ಶಬ್ದ, ಅಷ್ಟೇ. ಏರ್‌ಬಾಕ್ಸಿನಿಂದ (ಗಾಳಿ ಸೋಸುವ ಫಿಲ್ಟರ್ ಇರುವ ಡಬ್ಬ) ಸಿಲಿಂಡರಿಗೆ ನೀರು ಹೋಗಿತ್ತು. ಪೆಟ್ರೋಲು ಗಾಳಿಯ ಮಿಶ್ರಣ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಪಿಸ್ಟನ್ ಮೇಲೆ ಬರಲು ಜಾಗವಿಲ್ಲದೆ ಅದನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗಬಹುದು. ಎಂಜಿನ್ ಪೂರ್ತಿ ಬಿಚ್ಚುವ ಕೆಲಸ.

ನೀರಿಗೆ ಇಳಿಸುವ ಮುಂಚೆ ಒಮ್ಮೆ ನಡೆದು ನೋಡಬೇಕು. ನಿಮ್ಮ ಬೈಕಿನಲ್ಲಿ ಗಾಳಿ ಒಳಹೋಗುವ ಬಾಯಿ ಎಲ್ಲಿದೆ ಎಂದು ಮನೆಯಲ್ಲೇ ತಿಳಿದಿರಬೇಕು. ಮೊಣಕಾಲು ಮುಳುಗುವ ನೀರು, ನಿಂತವರ ಕಾಲನ್ನು ತಳ್ಳುವ ಸೆಳೆತ ಇದ್ದರೆ ವಾಪಸ್ ತಿರುಗಿ; ಮಲೆನಾಡಿನ ಹಳ್ಳ ಮಳೆಗಾಲದಲ್ಲಿ ಅರ್ಧ ಗಂಟೆಯಲ್ಲಿ ಏರುತ್ತದೆ. ದಾಟುವಾಗ ಮೊದಲ ಗೇರಿನಲ್ಲಿ ಒಂದೇ ಹದದಲ್ಲಿ, ಅರ್ಧಕ್ಕೆ ನಿಲ್ಲದೆ.

ನೀರಿನಲ್ಲಿ ಎಂಜಿನ್ ನಿಂತಿತೆಂದರೆ ಸ್ಟಾರ್ಟರ್ ಮುಟ್ಟಬೇಡಿ. ತಳ್ಳಿ ಸ್ಟಾರ್ಟ್ ಮಾಡುವುದೂ ಅಷ್ಟೇ ಅಪಾಯ. ದಡಕ್ಕೆ ತಂದು ಏರ್‌ಬಾಕ್ಸ್ ತಳದ ಡ್ರೇನ್ ಟ್ಯೂಬ್ ತೆರೆಯಿರಿ, ಫಿಲ್ಟರ್ ತೆಗೆದು ನೋಡಿ. ಫಿಲ್ಟರ್ ಒದ್ದೆಯಾಗಿದ್ದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ. ಪ್ಲಗ್ಗನ್ನು ಅದರ ಕ್ಯಾಪಿಗೆ ಸಿಕ್ಕಿಸಿ, ತೂತಿನಿಂದ ದೂರ, ಎಂಜಿನ್ ಲೋಹಕ್ಕೆ ತಾಗಿಸಿಡಿ. ಚಿಮ್ಮುವ ಪೆಟ್ರೋಲ್ ಹತ್ತಿರ ಕಿಡಿ ಬರಬಾರದು. ಆಮೇಲೆ ಬೈಕನ್ನು ದೊಡ್ಡ ಗೇರಿನಲ್ಲಿಟ್ಟು ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿದರೆ ತೂತಿನಿಂದ ನೀರು ಹೊರಬರುತ್ತದೆ. ಸಲೀಸಾಗಿ ತಿರುಗಿದರೆ ಮಾತ್ರ ಸ್ಟಾರ್ಟರ್‌ನಿಂದ ಎರಡು ಮೂರು ಸಲ ಚುಟುಕಾಗಿ ತಿರುಗಿಸಿ. ಆಯಿಲ್ ಕಿಟಕಿಯಲ್ಲಿ ಹಾಲು ಬೆರೆಸಿದ ಬಣ್ಣ ಕಂಡರೆ ಅಲ್ಲಿಗೇ ನಿಲ್ಲಿಸಿ. ಆಯಿಲ್, ಫಿಲ್ಟರ್ ಬದಲಿಸದೆ ಒಂದು ಕಿಲೋಮೀಟರ್ ಕೂಡ ಓಡಿಸಬೇಡಿ.

ವಿಮೆಯ ಮಾತನ್ನೂ ತಿಳಿದಿರಿ. ಎಂಜಿನ್ನಿಗೆ ನೀರು ಹೋಗಿ ಆದ ಹಾನಿಯನ್ನು ಮಾಮೂಲಿ ಪಾಲಿಸಿ ಸಾಮಾನ್ಯವಾಗಿ ತುಂಬಿಕೊಡುವುದಿಲ್ಲ, ಅದಕ್ಕೆ ಎಂಜಿನ್ ಪ್ರೊಟೆಕ್ಷನ್ ಎಂಬ ಹೆಚ್ಚುವರಿ ಕವರ್ ಬೇಕು. ಅದು ಇದ್ದರೂ ನೀರು ಹೋದ ಮೇಲೆ ಸ್ಟಾರ್ಟ್ ಮಾಡಲು ಪ್ರಯತ್ನಿಸಿದ್ದು ಕಂಡರೆ ಕ್ಲೇಮಿಗೆ ತಕರಾರು ಬರಬಹುದು. ಕವರ್ ಇರುವವರು ಹಳ್ಳದ ಪಕ್ಕದಲ್ಲೇ ನಾಲ್ಕು ಫೋಟೊ ತೆಗೆದು, ಏನನ್ನೂ ಬಿಚ್ಚದೆ ವಿಮಾ ಕಂಪನಿಗೆ ಫೋನ್ ಮಾಡಿ, ಬೈಕನ್ನು ಪಿಕಪ್ ಗಾಡಿಗೆ ಹತ್ತಿಸಿ ಸರ್ವಿಸ್ ಸೆಂಟರಿಗೆ ಕಳಿಸಿ.