ಪಿಎಚ್‌ಡಿ ಅರ್ಜಿ ಹಾಕುವವರಿಗೆ ಶಿರಸಿಯ ಒಂದು ಝೆರಾಕ್ಸ್ ಅಂಗಡಿ

ಅಂಗಡಿಯ ಹೆಸರು ಹಾಕಬೇಡ ಎಂದು ಅದನ್ನು ನಡೆಸುವ ಅಣ್ಣನೇ ಹೇಳಿದ್ದಾರೆ. ಡಿಸೆಂಬರ್‌ನಲ್ಲಿ ಈಗಲೇ ಜನ ಜಾಸ್ತಿ. ಇನ್ನೂ ಬಂದರೆ ಒಬ್ಬೊಬ್ಬರ ಹತ್ತಿರ ಕೂರಲು ಆಗುವುದಿಲ್ಲ ಎಂಬುದು ಅವರ ಚಿಂತೆ. ಹಾಗಾಗಿ ಗುರುತು ಮಾತ್ರ ಹೇಳುತ್ತೇನೆ. ಶಿರಸಿಯ ದೇವಿಕೆರೆ ಹತ್ತಿರ, ಹೊಲಿಗೆ ಅಂಗಡಿಯ ಪಕ್ಕ ಮೆಟ್ಟಿಲು ಹತ್ತಬೇಕು. ಎರಡು ಕಂಪ್ಯೂಟರ್, ಒಂದು ದೊಡ್ಡ ಝೆರಾಕ್ಸ್ ಮಿಷನ್, ಮೂರು ಪ್ಲಾಸ್ಟಿಕ್ ಕುರ್ಚಿ. ಹೊರಗೆ 'ಎಲ್ಲಾ ಆನ್‌ಲೈನ್ ಅರ್ಜಿ ತುಂಬಿಕೊಡಲಾಗುವುದು' ಎಂಬ ಬೋರ್ಡ್. ಅಂಥ ಬೋರ್ಡ್ ಶಿರಸಿಯಲ್ಲಿ ಬೇಕಾದಷ್ಟಿವೆ, ಅಲ್ವಾ? ಆದರೆ ಈ ಅಣ್ಣ ಅರ್ಜಿ ತುಂಬಿಕೊಡುವುದಿಲ್ಲ. ಪಕ್ಕದಲ್ಲಿ ಕೂತು ನಮ್ಮ ಕೈಯಲ್ಲೇ ತುಂಬಿಸುತ್ತಾರೆ.

ನನ್ನದು ಸಿದ್ದಾಪುರ ತಾಲ್ಲೂಕಿನ ಒಂದು ಹಳ್ಳಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಬಯೋಕೆಮಿಸ್ಟ್ರಿ ಎಂಎಸ್ಸಿ ಮಾಡಿದೆ. ಅಮೆರಿಕದಲ್ಲಿ ಬಯೋಮೆಡಿಕಲ್ ಪಿಎಚ್‌ಡಿಗೂ ಇಲ್ಲಿನ ಸಂಸ್ಥೆಗಳಿಗೂ ಒಟ್ಟಿಗೇ ಅರ್ಜಿ ಹಾಕಬೇಕು ಎಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಬಿಎಸ್‌ಎನ್‌ಎಲ್ ಲ್ಯಾಂಡ್‌ಲೈನ್ ಒಂದೇ ಗತಿ.

ಈ ಅಂಗಡಿಗೆ ಬರುವ ಮೊದಲು ದೊಡ್ಡ ಊರಿನ ಒಂದು ಕನ್ಸಲ್ಟೆನ್ಸಿಗೆ 18,000 ರೂಪಾಯಿ ಕಟ್ಟಿದ್ದೆ. ಅಪ್ಪ ಅಡಿಕೆ ಮಾರಿದ ದುಡ್ಡು. ಅವರು ಮೊದಲ ದಿನದಿಂದಲೂ ಎಂಎಸ್ (ಮಾಸ್ಟರ್ಸ್) ಕೋರ್ಸ್ ಕಡೆಗೇ ಎಳೆದರು, ಶಿಕ್ಷಣ ಸಾಲದ ಫಾರ್ಮ್ ಕೂಡ ಕೊಟ್ಟರು. ಅಮೆರಿಕದಲ್ಲಿ ಬಯೋಮೆಡಿಕಲ್ ಪಿಎಚ್‌ಡಿಗೆ ಸೇರಿದರೆ ಸಾಮಾನ್ಯವಾಗಿ ಫೀಸು ನಾವು ಕಟ್ಟಬೇಕಿಲ್ಲ, ಅವರೇ ತಿಂಗಳು ತಿಂಗಳು ಸ್ಟೈಪೆಂಡ್ ಕೊಡುತ್ತಾರೆ ಎಂಬುದನ್ನು ಹೇಳಲೇ ಇಲ್ಲ. ಅದು ಗೊತ್ತಾಗಿದ್ದು ಧಾರವಾಡದ ನಮ್ಮ ಸೀನಿಯರ್ ಅಕ್ಕನಿಂದ. ಮೊದಲ ವರ್ಷ ಎರಡು ಮೂರು ಲ್ಯಾಬ್‌ಗಳಲ್ಲಿ ಕೆಲವು ವಾರ ಕೆಲಸ ಮಾಡಿ, ಆಮೇಲೆ ಗೈಡ್ ಆರಿಸಿಕೊಳ್ಳುವ ಪದ್ಧತಿ ಇದೆ, ಅದಕ್ಕೆ ರೊಟೇಶನ್ ಎನ್ನುತ್ತಾರೆ ಎಂದು ತಿಳಿಸಿದ್ದೂ ಅವರೇ. ಇನ್ನೊಂದು ಮಾತನ್ನೂ ಮುಚ್ಚುಮರೆ ಇಲ್ಲದೆ ಹೇಳಿದರು. ಅಲ್ಲಿನ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಕೊಡುವ ತರಬೇತಿ ಅನುದಾನಕ್ಕೆ ಹೊರದೇಶದ ವಿದ್ಯಾರ್ಥಿಗಳನ್ನು ಸೇರಿಸುವ ಹಾಗಿಲ್ಲ. ನಮ್ಮಂಥವರ ಖರ್ಚಿಗೆ ಬೇರೆ ಕಡೆಯಿಂದ ದುಡ್ಡು ಹೊಂದಿಸಬೇಕು. ಹಾಗಾಗಿ ನಮಗೆ ಸೀಟು ಕಡಿಮೆ.

ಕನ್ಸಲ್ಟೆನ್ಸಿಯವರು ಬರೆದುಕೊಟ್ಟ ಎಸ್‌ಒಪಿ, ಅಂದರೆ ಈ ಓದು ನಮಗೆ ಯಾಕೆ ಬೇಕು ಎಂದು ಅರ್ಜಿಯ ಜೊತೆ ಕೊಡುವ ಬರಹ, ಹಿಡಿದುಕೊಂಡೇ ಅಣ್ಣನ ಅಂಗಡಿಗೆ ಹೋದೆ. ಪ್ರಿಂಟ್ ತೆಗೆಸುವುದಷ್ಟೇ ಕೆಲಸ ಅಂದುಕೊಂಡಿದ್ದೆ. ಅವರು ಹಾಳೆ ಸರಿಯಾಗಿ ಬಂದಿದೆಯಾ ಎಂದು ನೋಡುತ್ತಾ ನೋಡುತ್ತಾ ಓದಿಯೇ ಬಿಟ್ಟರು. ಅವರು ಓದಿದ್ದು ಬಿಕಾಂ. ವಿಜ್ಞಾನ ನನಗೆ ಗೊತ್ತಿಲ್ಲ ಎಂದು ಮೊದಲೇ ಹೇಳಿದರು. ಆಮೇಲೆ ಕೇಳಿದರು, "ತಂಗಿ, ಇದನ್ನು ಓದಿದರೆ ನೀನು ಸಿದ್ದಾಪುರ ಕಡೆಯವಳು ಅಂತ ಎಲ್ಲೂ ಗೊತ್ತಾಗೋದಿಲ್ಲವಲ್ಲ? ನಿನಗೆ ಈ ಓದು ಯಾಕೆ ಬೇಕಾಯ್ತು?"

ಆ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇತ್ತು. ಹಾಳೆಯಲ್ಲಿ ಇರಲಿಲ್ಲ. ಹಾಳೆಯಲ್ಲಿದ್ದದ್ದು, ಚಿಕ್ಕಂದಿನಿಂದಲೂ ನನಗೆ ಜೀವವಿಜ್ಞಾನದಲ್ಲಿ ಬಹಳ ಆಸಕ್ತಿ ಎಂಬ ಸಾಲು. ಯಾರ ಹೆಸರು ಹಾಕಿದರೂ ನಡೆಯುತ್ತಿತ್ತು.

ಅವರ ಎದುರು ಕೂತು ಚಿಕ್ಕಪ್ಪನ ಕಥೆ ಹೇಳಿದೆ. ನಾನು ಪಿಯುಸಿಯಲ್ಲಿದ್ದಾಗ ಚಿಕ್ಕಪ್ಪ ಸೊಪ್ಪಿನ ಬೆಟ್ಟಕ್ಕೆ ದರಕು (ಒಣಗಿ ಬಿದ್ದ ಎಲೆ) ತರಲು ಹೋಗಿ ಉಣುಗು ಕಚ್ಚಿಸಿಕೊಂಡು ಬಂದಿದ್ದರು. ಮಂಗನ ಕಾಯಿಲೆ. ಈ ಕಾಯಿಲೆ ಮೊದಲು ಪತ್ತೆಯಾಗಿದ್ದು 1957ರಲ್ಲಿ, ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದಕ್ಕೇ ಪುಸ್ತಕದಲ್ಲಿ ಅದರ ಹೆಸರು ಕ್ಯಾಸನೂರು ಕಾಡಿನ ಕಾಯಿಲೆ. ನಮ್ಮ ಕಡೆ ಚಳಿಗಾಲ ಮುಗಿಯುತ್ತಾ ಬಂದರೆ ಆಶಾ ಕಾರ್ಯಕರ್ತೆಯರು ಕೈಕಾಲಿಗೆ ಹಚ್ಚಿಕೊಳ್ಳುವ ಎಣ್ಣೆ ತಂದು ಕೊಡುತ್ತಾರೆ. ಚಿಕ್ಕಪ್ಪನಿಗೆ ಹತ್ತು ದಿನ ಸುಡುವ ಜ್ವರ. ಆಮೇಲೆ ಬಿಟ್ಟಿತು. ಎದ್ದು ಓಡಾಡಿದರು, ಗಂಜಿ ಉಂಡರು, ಕೊಟ್ಟಿಗೆಗೂ ಹೋಗಿ ಬಂದರು. ಎಲ್ಲ ಮುಗಿಯಿತು ಎಂದುಕೊಂಡೆವು. ಎರಡು ವಾರ ಕಳೆದು ಮತ್ತೆ ಜ್ವರ ಬಂತು. ಈ ಸಲ ತಲೆನೋವು ಜಾಸ್ತಿ, ಕೈ ನಡುಕ ಬೇರೆ. ಚಹಾ ಲೋಟ ತುಟಿಗೆ ಹೋಗುವಷ್ಟರಲ್ಲಿ ಅರ್ಧ ಅಂಗಿಯ ಮೇಲೆ ಚೆಲ್ಲುತ್ತಿತ್ತು. ಅಮ್ಮ ಲೋಟ ಹಿಡಿದು ಕುಡಿಸುತ್ತಿದ್ದರು. ತಿಂಗಳುಗಟ್ಟಲೆ ಆದ ಮೇಲೆ ಚೇತರಿಸಿಕೊಂಡರು.

ಕೆಲವರಿಗೆ ಮಾತ್ರ ಜ್ವರ ಹೀಗೆ ಬಿಟ್ಟು ಮತ್ತೆ ಯಾಕೆ ಬರುತ್ತದೆ? ಎರಡನೇ ಸಲ ತೊಂದರೆ ಕೊಡುವುದು ವೈರಸ್ಸೋ, ಅದರ ಮೇಲೆ ತಿರುಗಿಬಿದ್ದ ನಮ್ಮ ಮೈಯೋ? ಎಂಎಸ್ಸಿಯ ಎರಡು ವರ್ಷವೂ ಇದೇ ನನ್ನ ತಲೆಯಲ್ಲಿತ್ತು.

"ಇಷ್ಟನ್ನೇ ಬರಿ" ಅಂದರು ಅಣ್ಣ. ನಾನೇ ಟೈಪ್ ಮಾಡಿಕೊಡುತ್ತೇನೆ ಅನ್ನಲಿಲ್ಲ. ಮೂಲೆಯ ಕಂಪ್ಯೂಟರ್ ಬಿಟ್ಟುಕೊಟ್ಟರು. ಮೂರು ದಿನ ಬಸ್ಸಲ್ಲಿ ಬಂದು ಹೋಗಿ ಬರೆದೆ. ಪ್ರತಿ ದಿನ ಕೊನೆಗೆ ಒಂದು ಪ್ರಿಂಟ್ ತೆಗೆದು, ತಮಗೆ ಅರ್ಥವಾಗದ ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಕೊಡುತ್ತಿದ್ದರು. ಒಂದು ಪದವನ್ನೂ ಅವರು ಬದಲಿಸಲಿಲ್ಲ. ಕೊನೆಯ ಪ್ರಿಂಟ್‌ನಲ್ಲಿ ಎರಡೇ ಗೆರೆ ಉಳಿದಿದ್ದವು. ಎರಡೂ ಪ್ರೋಟೀನ್‌ಗಳ ಹೆಸರು.

ಇನ್ನು ಅರ್ಜಿಯ ಸಣ್ಣ ಪುಟ್ಟ ವಿಷಯಗಳು. ಇವುಗಳಲ್ಲೇ ಜನ ಸೋಲುವುದು. ಅಣ್ಣನ ಕಣ್ಣು ಎಂಥದ್ದು ಎಂದು ನನಗೆ ಗೊತ್ತಾಗಿದ್ದೂ ಇಲ್ಲಿಯೇ.

ಕನ್ಸಲ್ಟೆನ್ಸಿಯವರು ನನ್ನ ಶೇಕಡಾ 71 ಅಂಕವನ್ನು 25ರಿಂದ ಭಾಗಿಸಿ 2.84 ಎಂದು ತುಂಬಿಟ್ಟಿದ್ದರು. ನಮ್ಮಲ್ಲಿ 71 ಎಂದರೆ ಒಳ್ಳೆಯ ಅಂಕ. ಅಲ್ಲಿನ ನಾಲ್ಕರ ಲೆಕ್ಕದಲ್ಲಿ 2.84 ಕಂಡರೆ ಓದುವವರು ಹಾಳೆ ಪಕ್ಕಕ್ಕಿಡುತ್ತಾರೆ. ಅಣ್ಣ ಆ ಡಬ್ಬಿಯ ಕೆಳಗಿನ ಸಣ್ಣ ಅಕ್ಷರಗಳನ್ನು ದೊಡ್ಡದು ಮಾಡಿ ನನ್ನ ಕೈಯಲ್ಲೇ ಓದಿಸಿದರು. ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೇ ತುಂಬಿ, ಬದಲಾಯಿಸಬೇಡಿ ಎಂದು ಅಲ್ಲೇ ಬರೆದಿತ್ತು! ನಾನೂ ಅದನ್ನು ನೋಡಿರಲಿಲ್ಲ.

ಹೆಸರಿನ ವಿಷಯವೂ ಹಾಗೇ. ಅಂಕಪಟ್ಟಿಯಲ್ಲಿ ನನ್ನ ಇನಿಶಿಯಲ್ ಮುಂದಿದೆ, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು ಪೂರ್ತಿಯಾಗಿ ಹಿಂದಿದೆ. ಇಂಗ್ಲಿಷ್ ಪರೀಕ್ಷೆಗೂ ಅರ್ಜಿಗೂ ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಇರಲಿ ಎಂದು ಮೊದಲ ದಿನವೇ ಹೇಳಿದ್ದರು. ಆಮೇಲೆ ಹೇಳಿದ್ದರೆ ಪರೀಕ್ಷೆಯ ದುಡ್ಡೇ ನೀರಿಗೆ ಹೋಗುತ್ತಿತ್ತು.

ಇಲ್ಲಿ ವಿಜ್ಞಾನದ ಪಿಎಚ್‌ಡಿ ಫೆಲೋಶಿಪ್‌ಗೆ ಬರೆಯುವ ಸಿಎಸ್‌ಐಆರ್ ನೆಟ್ ಪರೀಕ್ಷೆಯ ಅರ್ಜಿಯನ್ನಂತೂ ಅವರು ಕಣ್ಣು ಮುಚ್ಚಿ ಹೇಳಬಲ್ಲರು. ಸಹಿಯ ಚಿತ್ರದ ಫೈಲ್ ಅವರು ಹೇಳಿದ ಅಳತೆ ದಾಟಬಾರದು ಎಂದು ಬಿಳಿ ಹಾಳೆಯಲ್ಲಿ ಕಪ್ಪು ಪೆನ್ನಿನಿಂದ ಸಹಿ ಮಾಡಿಸಿ, ಸುತ್ತ ಖಾಲಿ ಜಾಗ ಕತ್ತರಿಸುತ್ತಾರೆ. ನಮಗೆ ರಾಜ್ಯದಲ್ಲಿ ಹಿಂದುಳಿದ ವರ್ಗ 2ಎ. ಹಿಂದಿನ ವರ್ಷ ನಾನು ಆ ಪ್ರಮಾಣಪತ್ರವನ್ನೇ ಹಾಕಿದ್ದೆ. ಕೇಂದ್ರದ ಅರ್ಜಿಗೆ ಕೇಂದ್ರದ ನಮೂನೆಯ ಒಬಿಸಿ ಪತ್ರವೇ ಬೇಕು, ಕೆನೆಪದರಕ್ಕೆ ಸೇರಿಲ್ಲ ಎಂದು ಅದರಲ್ಲಿ ಇರಬೇಕು. ಇದನ್ನು ಹೇಳಿ, ಮೊದಲು ನಾಡಕಚೇರಿಗೆ ಹೋಗಿ ಬಾ ಎಂದು ವಾಪಸ್ ಕಳಿಸಿದರು. ಆ ದಿನ ನನ್ನಿಂದ ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ.

ಅಮೆರಿಕದ ಅರ್ಜಿಗೆ ಮೇಷ್ಟ್ರುಗಳ ಶಿಫಾರಸು ಪತ್ರ ಮೂರು ಬೇಕು. ಅದರ ಲಿಂಕ್ ನೇರ ಮೇಷ್ಟ್ರ ಇಮೇಲ್‌ಗೆ ಹೋಗುತ್ತದೆ. ಒಬ್ಬರಿಗೆ ಹೋಗಿದ್ದು ಸ್ಪ್ಯಾಮ್‌ನಲ್ಲಿ ಕೂತಿತ್ತು. ಸುಮ್ನೆ ಕಾಯಬೇಡಿ, ಲಿಂಕ್ ಕಳಿಸಿದ ದಿನವೇ ಫೋನ್ ಮಾಡಿ ಕೇಳಿ.

ಈಗ ಡಿಸೆಂಬರ್ 2ರ ಬೆಳಗ್ಗೆಯ ಕಥೆ. ಒಂದು ಅರ್ಜಿ ಉಳಿದಿತ್ತು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಕೊನೆಯ ದಿನ ಡಿಸೆಂಬರ್ 1. ಅರ್ಜಿ ಶುಲ್ಕ ಹೆಚ್ಚಿನ ಕಡೆ 75 ಡಾಲರ್‌ನಿಂದ ಶುರು, 125ರವರೆಗೂ ಹೋಗುತ್ತದೆ. ಎರಡು ಕಡೆ ಕೇಳಿಕೊಂಡದ್ದಕ್ಕೆ ಮಾಫಿ ಸಿಕ್ಕಿತ್ತು, ಇಲ್ಲಿ ಸಿಗಲಿಲ್ಲ. ಹಿಂದಿನ ಸಂಜೆ ನನ್ನ ಕಾರ್ಡ್ ಹೊರದೇಶದ ಪಾವತಿಗೆ ನಡೆಯಲಿಲ್ಲ. ಅಷ್ಟರಲ್ಲಿ ಕರೆಂಟ್ ಹೋಯಿತು, ಕೊನೆಯ ಬಸ್ಸಿನ ಹೊತ್ತೂ ಆಯಿತು. ಮನೆಗೆ ಹೋಗಿ ರಾತ್ರಿಯೆಲ್ಲ ಅತ್ತೆ.

ಬೆಳಗ್ಗೆ ಉಳಿದ ದಾಖಲೆಗಳನ್ನು ತರಲೆಂದು ಅಂಗಡಿಗೆ ಹೋದರೆ ಅಣ್ಣ ಗೋಡೆಯ ರಟ್ಟು ತೋರಿಸಿದರು. ಸ್ಕೆಚ್ ಪೆನ್ನಿನಲ್ಲಿ ಅವರೇ ಬರೆದು ಅಂಟಿಸಿದ್ದು. ಡಿಸೆಂಬರ್‌ನಲ್ಲಿ ಅಮೆರಿಕದ ಪೂರ್ವದ ಕಡೆ ರಾತ್ರಿ 11:59 ಎಂದರೆ ನಮಗೆ ಮರುದಿನ ಬೆಳಗ್ಗೆ 10:29. ಪಶ್ಚಿಮದ ಕಡೆಯಾದರೆ ಮಧ್ಯಾಹ್ನ 1:29. "ಅಲ್ಲಿ ಇನ್ನೂ ಒಂದನೇ ತಾರೀಖೇ ನಡೀತಾ ಇದೆ ತಂಗಿ. ಕೂತ್ಕೋ." ಆಗ ಗಂಟೆ ಒಂಬತ್ತು.

ಚಿಕ್ಕಪ್ಪನ ಹತ್ತಿರ ಬೇರೆ ಬ್ಯಾಂಕಿನ ಕಾರ್ಡ್ ಇತ್ತು. ಅವರ ನೆಟ್‌ಬ್ಯಾಂಕಿಂಗ್ ಮಾಡಿಕೊಟ್ಟವಳು ನಾನೇ. ಹೊರದೇಶದ ಪಾವತಿ ಆನ್ ಮಾಡಬೇಕು, ಅದಕ್ಕೆ ಓಟಿಪಿ ಬೇಕು, ಅದು ಬರುವುದು ಸಿಗ್ನಲ್ ಇಲ್ಲದ ಮನೆಯಲ್ಲಿರುವ ಅವರ ಮೊಬೈಲ್‌ಗೆ. ಲ್ಯಾಂಡ್‌ಲೈನ್‌ಗೆ ಫೋನ್ ಮಾಡಿದೆ. ಚಿಕ್ಕಪ್ಪ ಮೊಬೈಲ್ ಹಿಡಿದು ಮನೆ ಹಿಂದಿನ ಸೊಪ್ಪಿನ ಬೆಟ್ಟ ಹತ್ತಿದರು. ಇಪ್ಪತ್ತು ನಿಮಿಷ. ಅಣ್ಣ ಬೇರೆ ಗಿರಾಕಿಗಳಿಗೆ ಸ್ವಲ್ಪ ಇರಿ ಎಂದು ಹೇಳಿ ನಿಲ್ಲಿಸಿದ್ದರು. ಪಹಣಿ ಪ್ರಿಂಟ್‌ಗೆ ಬಂದಿದ್ದ ಒಬ್ಬ ಅಜ್ಜ ಯಾಕೆ ಎಂದೂ ಕೇಳದೆ ಸುಮ್ಮನೆ ಕೂತಿದ್ದರು. ಫೋನ್ ಬಂತು. ಏದುಸಿರು ಬಿಡುತ್ತಾ ಚಿಕ್ಕಪ್ಪ ಆರು ಅಂಕಿ ಹೇಳಿದರು. "ನನಗೆ ಕೇಳಿಸೋ ಹಾಗೆ ಹೇಳಬೇಡ, ನೀನೇ ಒತ್ತು" ಎಂದು ಅಣ್ಣ ಬಾಗಿಲ ಕಡೆ ಹೋಗಿ ನಿಂತರು. ಅರ್ಜಿ ಹೋದಾಗ 9:52.

ಅದೇ ಕಡೆಯಿಂದ ಜನವರಿಯಲ್ಲಿ ವಿಡಿಯೋ ಸಂದರ್ಶನಕ್ಕೆ ಕರೆ ಬಂತು. ಅಲ್ಲಿ ಬೆಳಗ್ಗೆ 11, ನಮಗೆ ರಾತ್ರಿ 9:30. ನಾನು ಶಿರಸಿಯ ಅತ್ತೆ ಮನೆಯಲ್ಲಿ ಉಳಿದೆ. ಅಣ್ಣ ಅರ್ಧ ಶಟರ್ ಎಳೆದು, ಸದ್ದು ಮಾಡುತ್ತದೆ ಎಂದು ಫ್ಯಾನ್ ಆರಿಸಿ, ಮೆಟ್ಟಿಲ ಮೇಲೆ ಹೋಗಿ ಕೂತರು. ಅತ್ತೆಯೂ ಅವರ ಜೊತೆ ಕೂತಿದ್ದರು.

ಫಲಿತಾಂಶ ಏನಾಯಿತು ಎಂದು ಕೇಳುತ್ತೀರಿ. ಅಮೆರಿಕದ ಆರು ಅರ್ಜಿಗಳಲ್ಲಿ ಐದು ಕಡೆ ಸಿಗಲಿಲ್ಲ. ಸಂದರ್ಶನ ಮಾಡಿದವರು ವೇಟಿಂಗ್ ಲಿಸ್ಟ್‌ನಲ್ಲಿ ಇಟ್ಟರು. ಅಲ್ಲಿ ಸೀಟು ಒಪ್ಪಿಕೊಳ್ಳಲು ಏಪ್ರಿಲ್ 15 ಕೊನೆಯ ದಿನ, ಅಲ್ಲಿಯವರೆಗೂ ಸರದಿ ಬರಲಿಲ್ಲ. ತುಂಬಾ ಬೇಜಾರಾಯಿತು. ಆದರೆ ನೆಟ್‌ನಲ್ಲಿ ಜೆಆರ್‌ಎಫ್ ಫೆಲೋಶಿಪ್ ಬಂತು. ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಬೆಂಗಳೂರಿನ ಒಂದು ಸಂಸ್ಥೆಯ ಸಂದರ್ಶನದಲ್ಲಿ ನನ್ನ ಅದೇ ಹಾಳೆ ಮೇಜಿನ ಮೇಲಿತ್ತು. ನಲವತ್ತು ನಿಮಿಷದಲ್ಲಿ ಅರ್ಧ ಹೊತ್ತು ಆ ಎರಡನೇ ಜ್ವರದ ಬಗ್ಗೆಯೇ ಕೇಳಿದರು. ಆಗಸ್ಟ್‌ನಲ್ಲಿ ಅಲ್ಲಿ ಸೇರಿದೆ.

ಅಂಗಡಿಯಲ್ಲಿ ಕೊರತೆ ಇಲ್ಲವೆಂದಲ್ಲ. ಕರೆಂಟ್ ಹೋದರೆ ಯುಪಿಎಸ್ ಹತ್ತು ನಿಮಿಷವೂ ನಿಲ್ಲುವುದಿಲ್ಲ. ಅಣ್ಣ ಅದನ್ನು ಬದಲಿಸಲೇಬೇಕು, ಕಾರ್ಡ್ ಜೊತೆಗೆ ನನ್ನ ಅರ್ಜಿ ಸಿಕ್ಕಿಬಿದ್ದದ್ದು ಅದರಿಂದಲೂ. ಕಲರ್ ಪ್ರಿಂಟ್ ಮಂಕು, ಪೋಸ್ಟರ್ ಬೇಕಿದ್ದರೆ ಹುಬ್ಬಳ್ಳಿಯಲ್ಲೇ ಮಾಡಿಸಿ. ಒಂದು ಅರ್ಜಿಗೆ ಎರಡು ಗಂಟೆ ಹಿಡಿಯುತ್ತದೆ, ಅವಸರ ಇರುವವರಿಗೆ ಈ ಜಾಗ ಆಗಿಬರುವುದಿಲ್ಲ.

ಕಂಪ್ಯೂಟರ್‌ಗೆ ಗಂಟೆಗೆ 40 ರೂಪಾಯಿ, ಕಪ್ಪು ಬಿಳುಪು ಪ್ರಿಂಟ್ 3, ಸ್ಕ್ಯಾನ್ 10. ನೆಟ್ ಅರ್ಜಿಗೆ ಒಟ್ಟು 100 ತೆಗೆದುಕೊಂಡರು. ಎಸ್‌ಒಪಿಯ ಮೂರು ದಿನಕ್ಕೆ ಗಂಟೆಯ ಲೆಕ್ಕ ಬಿಟ್ಟರೆ ಬೇರೇನೂ ಕೇಳಲಿಲ್ಲ.

ಹೋಗುವಾಗ ಪಾಸ್‌ಪೋರ್ಟ್, ಎಲ್ಲ ಸೆಮಿಸ್ಟರ್‌ಗಳ ಮೂಲ ಅಂಕಪಟ್ಟಿ, ಹೊರದೇಶಕ್ಕೆ ನಡೆಯುವ ಕಾರ್ಡ್, ಮೇಷ್ಟ್ರುಗಳ ಫೋನ್ ನಂಬರ್ ಒಯ್ಯಿರಿ. ಬೆಳಗ್ಗೆ 8:30ಕ್ಕೆ ಬಾಗಿಲು ತೆಗೆಯುತ್ತಾರೆ. ಮಧ್ಯಾಹ್ನ 1:30ರಿಂದ 3ರವರೆಗೆ ಊಟಕ್ಕೆ ಮುಚ್ಚುತ್ತಾರೆ. ಭಾನುವಾರ ರಜೆ. ಮಾರಿಕಾಂಬಾ ಜಾತ್ರೆಯ ವರ್ಷವಾದರೆ ಜಾತ್ರೆ ಮುಗಿಯುವವರೆಗೂ ಅಂಗಡಿ ಇರುವುದಿಲ್ಲ, ಅದನ್ನು ನೋಡಿಕೊಂಡು ಹೋಗಿ.